ಹೌತೂ ತಲುಪದ ಪಟ್ಟಿ

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ ಹತ್ತೂಕಾಲಿಗೆ ಒಂದು ಸಂದೇಶ ಬಂತು. ಹಾಪೈ ದ್ವೀಪಗಳ ಕಡೆಯ ಒಬ್ಬ ನರ್ಸ್ ಕಳಿಸಿದ್ದು. ‘ಮಕ್ಕಳ ಜ್ವರದ ಸಿರಪ್ಪಿನ ಹೊಸ ಪಟ್ಟಿಯಲ್ಲಿ ಹಳೇ ಸೀಸೆಯ ಚಿತ್ರ ಇದೆಯಲ್ಲ, ಯಾಕೆ?’ ಅಷ್ಟೇ. ಕೊನೆಯಲ್ಲಿ ಒಂದು ನಗುವ ಮುಖ.

ಆ ನಗುವ ಮುಖ ನೋಡುತ್ತಲೇ ಆ ಪಟ್ಟಿ ತೆರೆದೆ. ಅಳತೆಯೂ ಹಳೆಯದೇ.

ಬರೆದರೆ ಎದೆಯ ಬಡಿತ ಸ್ವಲ್ಪ ಇಳಿಯಬಹುದೆಂದು ಬರೆಯುತ್ತಿದ್ದೇನೆ. ನಮ್ಮ ಸಂಸ್ಥೆ ಹೊರದ್ವೀಪಗಳ ನಲವತ್ತೊಂದು ಆರೋಗ್ಯ ಕೇಂದ್ರಗಳಿಗೆ ಫೋನು ಕೊಟ್ಟಿದೆ. ಆ ಫೋನುಗಳ ಒಳಗೆ ಏನಿರಬೇಕು ಎನ್ನುವ ಕ್ಯಾಟಲಾಗು ನನ್ನ ಸುಪರ್ದಿಯಲ್ಲಿದೆ. ಹೆರಿಗೆಯ ಪಾಠ, ಗಾಯ ಕಟ್ಟುವ ವೀಡಿಯೊ, ಔಷಧದ ಅಳತೆಯ ಪಟ್ಟಿ. ರಾಜಧಾನಿ ನುಕುಅಲೋಫಾದ ಈ ಕೋಣೆಯಲ್ಲಿ ಕೂತು ನಾನು ಒಂದು ಕಡತ ಬದಲಿಸಿದರೆ ಸಾಕು, ಎಲ್ಲೋ ಇರುವ ಫೋನು ಸಿಗ್ನಲ್ ಸಿಕ್ಕಾಗ ತಾನಾಗಿ ಹಳೆಯದನ್ನು ಅಳಿಸಿ ಹೊಸದನ್ನು ಇಳಿಸಿಕೊಳ್ಳುತ್ತದೆ. ಯಾರನ್ನೂ ಕೇಳುವುದಿಲ್ಲ. ನನಗೆ ಈ ಕೆಲಸ ಒಗ್ಗಿದ್ದೇ ಅದಕ್ಕೆ. ಯಾರ ಜೊತೆಗೂ ಮಾತಾಡಬೇಕಾಗಿಲ್ಲ.

ಜ್ವರದ ಸಿರಪ್ ಈ ವರ್ಷ ಬೇರೆ ಬಂದಿದೆ. ಮೊದಲಿನದಕ್ಕಿಂತ ಎರಡು ಪಟ್ಟು ಗಟ್ಟಿ. ಅಂದರೆ ಕೊಡುವ ಅಳತೆ ಅರ್ಧ ಆಗಬೇಕು. ಆ ಅರ್ಧ ಅಳತೆಯ ಪಟ್ಟಿಯನ್ನು ಜನವರಿಯಲ್ಲೇ ಎಲ್ಲ ಫೋನುಗಳಿಗೂ ಕಳಿಸಿಯಾಗಿತ್ತು. ಫೆಬ್ರವರಿ ಹದಿನಾಲ್ಕರಂದು ಹಾಪೈ ಗುಂಪಿನ ಫೋನುಗಳಲ್ಲಿ ಚಿತ್ರಗಳು ತೆರೆಯುತ್ತಿಲ್ಲವೆಂದು ದೂರು ಬಂತು. ಆ ಗುಂಪಿಗೆ ಕ್ಯಾಟಲಾಗಿನ ಹಳೆಯ ಪ್ರತಿಯನ್ನು ಮತ್ತೆ ಹಾಕಲಾಯಿತು. ಚಿತ್ರಗಳು ತೆರೆದುಕೊಂಡವು. ಹಳೆಯ ಪ್ರತಿಯ ಜೊತೆಗೆ ಹಳೆಯ ಅಳತೆಯೂ ಹೋಯಿತು. ಅದರ ಮೇಲೆ ಯಂತ್ರ ತಾನೇ ‘ಫೆಬ್ರವರಿ 14ರ ಹೊಸ ಪಟ್ಟಿ’ ಎಂದು ಮುದ್ರೆ ಒತ್ತಿತು.

ಗಟ್ಟಿ ಸಿರಪ್ಪಿನ ಪೆಟ್ಟಿಗೆಗಳು ದೋಣಿಯಲ್ಲಿ ಹೋದದ್ದು ಫೆಬ್ರವರಿ ಕೊನೆಗೆ.

ಒಂಬತ್ತು ಫೋನುಗಳು ತಪ್ಪು ಪಟ್ಟಿ ಇಳಿಸಿಕೊಂಡಿವೆ. ಹತ್ತೂ ಇಪ್ಪತ್ತಕ್ಕೆ ಸರಿಯಾದ ಪಟ್ಟಿ ಹಾಕಿದೆ. ಆ ನರ್ಸಿಗೆ ‘ಸರಿಪಡಿಸಲಾಗಿದೆ, ಧನ್ಯವಾದ’ ಎಂದು ಕಳಿಸಿದೆ. ನಾನೂ ಒಂದು ನಗುವ ಮುಖ ಹಾಕಿದೆ.

ಯಾರಿಗೂ ಹೇಳಿಲ್ಲ. ಸಂಜೆಯ ಹೊತ್ತಿಗೆ ಆರು ಫೋನು ಸರಿಯಾಗಿವೆ. ಮೂರು ಉಳಿದಿವೆ.

ಮಾರ್ಚ್ 5, ಬುಧವಾರ

ಏಳು ಸರಿಯಾದವು.

ಇವತ್ತು ಒಂದು ಕೆಲಸ ಮಾಡಿದೆ. ಕ್ಯಾಟಲಾಗಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಎನ್ನುವುದಕ್ಕೆ ಒಂದು ದಾಖಲೆ ಇದೆ. ಫೆಬ್ರವರಿ ಹದಿನಾಲ್ಕು, ಮಧ್ಯಾಹ್ನ ಮೂರೂ ನಲವತ್ತು, ಕಲೊಲೈನೆ. ನನ್ನ ಹೆಸರು. ಆ ಸಾಲನ್ನು ಅಳಿಸುವ ಅಧಿಕಾರ ಇರುವುದು ಇಡೀ ಆಫೀಸಿನಲ್ಲಿ ನನಗೊಬ್ಬಳಿಗೇ.

ಅಳಿಸಿದೆ. ಹದಿಮೂರರ ಸಾಲಿನ ಕೆಳಗೆ ಹದಿನೇಳರ ಸಾಲು ಬಂದು ಕೂತಿತು. ನಡುವೆ ಏನೂ ಆಗೇ ಇಲ್ಲ ಎಂಬಂತೆ.

ನಿರಾಳವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಯಾರಾದರೂ ಬಾಗಿಲು ತಳ್ಳಿದರೆ ಬೆಚ್ಚಿಬೀಳುತ್ತಿದ್ದೇನೆ.

ಮಾರ್ಚ್ 7, ಶುಕ್ರವಾರ

ಎಂಟು ಸರಿಯಾದವು. ಉಳಿದದ್ದು ಒಂದೇ, ಹೌತೂ.

ಹೌತೂ ಸಣ್ಣ ದ್ವೀಪ, ಇನ್ನೂರು ಜನ. ಫೆಬ್ರವರಿ ಹದಿನಾರಕ್ಕೆ ಅಲ್ಲಿಯ ಫೋನು ತಪ್ಪು ಪಟ್ಟಿ ಇಳಿಸಿಕೊಂಡಿದೆ. ಇಪ್ಪತ್ತೆರಡಕ್ಕೆ ಗಾಳಿಗೆ ಅಲ್ಲಿಯ ಟವರು ಕೆಟ್ಟಿತು. ಆಮೇಲೆ ಫೋನು ಉಸಿರೆತ್ತಿಲ್ಲ. ಕ್ಯಾಟಲಾಗಿನಲ್ಲಿ ಅದರ ಹೆಸರಿನ ಮುಂದೆ ಬೂದು ಬಣ್ಣದ ಚುಕ್ಕೆ. ಇವತ್ತು ಅದನ್ನು ಎಷ್ಟು ಸಲ ನೋಡಿದೆನೋ.

ಟೀ ಹೊತ್ತಿಗೆ ನಮ್ಮ ಮೇಲ್ವಿಚಾರಕ ಸೈಮೋನಣ್ಣ ಬಿಸ್ಕತ್ತು ಅದ್ದುತ್ತಾ ಎಲ್ಲರಿಗೂ ಹೇಳುತ್ತಿದ್ದ: “ಹೌತೂ ನರ್ಸ್ ಪಿಸಿಲಾ ರೇಡಿಯೋಲಿ ಸಿಕ್ಕಿದ್ಲಂತೆ. ಊರಿಗೆಲ್ಲಾ ಜ್ವರವಂತೆ, ಸಿರಪ್ಪು ಅರ್ಧಕ್ಕರ್ಧ ಖಾಲಿಯಂತೆ. ಹತ್ತು ದಿನ ಆಗಿಲ್ಲ ಕಳ್ಸಿ! ಹೌತೂ ಜನ ಅದನ್ನ ಬ್ರೆಡ್ಡಿಗೆ ಹಚ್ಕೊಂಡು ತಿಂತಾರೇನೋ!”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಎರಡು ಪಟ್ಟು ಕೊಟ್ಟರೆ ಎರಡು ಪಟ್ಟು ಬೇಗ ಖಾಲಿಯಾಗುತ್ತದೆ.

ಒಂದು ಸಲ ಹೆಚ್ಚು ಕುಡಿದರೆ ಏನೂ ಆಗದಿರಬಹುದು. ದಿನಕ್ಕೆ ನಾಲ್ಕು ಸಲ, ಐದಾರು ದಿನ, ಊಟ ಬಿಟ್ಟ ಸಣ್ಣ ಮಗುವಿಗೆ ಕೊಟ್ಟರೆ ಯಕೃತ್ತು ಕೆಡುತ್ತದೆ. ನಮ್ಮದೇ ಕ್ಯಾಟಲಾಗಿನ ಪಾಠದಲ್ಲಿ ಅದಿದೆ. ಆ ಪಾಠವನ್ನು ಸೇರಿಸಿದವಳೂ ನಾನೇ.

ಮಾರ್ಚ್ 8, ಶನಿವಾರ

ಬೂದು ಚುಕ್ಕೆ.

ಸಿಗ್ನಲ್ ಬಂದರೆ ಎಲ್ಲ ಸರಿಹೋಗುತ್ತದೆ. ಟವರು ರಿಪೇರಿಗೆ ಹೋಗುವ ತಂಡ ಮುಂದಿನ ವಾರ ಹೊರಡುತ್ತದಂತೆ. ಪಿಸಿಲಾಗೆ ಅನುಭವ ಇದೆ, ಸೀಸೆಯ ಮೇಲೆ ಬರೆದಿರುವುದನ್ನು ನೋಡಿರುತ್ತಾಳೆ. ನೋಡಿಯೇ ಇರುತ್ತಾಳೆ.

ಮಾರ್ಚ್ 9, ಭಾನುವಾರ

ಚರ್ಚಿನಲ್ಲಿ ಹಾಡುವಾಗ ಎದುರು ಸಾಲಿನಲ್ಲಿ ಯಾರದೋ ಮಗು ತಾಯಿಯ ಹೆಗಲ ಮೇಲೆ ಮಲಗಿತ್ತು. ಬಾಯಿ ತೆರೆದು, ಕೈ ಜೋಲು ಬಿಟ್ಟು. ಅದು ಬರೀ ನಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಪ್ರಾರ್ಥನೆ ಮುಗಿಯುವವರೆಗೂ ಅದರ ಬೆರಳುಗಳನ್ನೇ ನೋಡುತ್ತಿದ್ದೆ.

ಮನೆಗೆ ಬಂದು ಊಟಕ್ಕೆ ಕೂತೆವು. ಮನೆ ಅಂದರೆ ಸೋದರತ್ತೆಯ ಮನೆ. ಅಪ್ಪನ ಅಕ್ಕ, ಅತೆಲೈತೆ ಅತ್ತೆ. ನಮ್ಮ ಇಡೀ ಬಳಗದಲ್ಲಿ ಅವಳ ಮಾತಿಗೆ ಎದುರು ಹೇಳುವವರಿಲ್ಲ, ನನ್ನ ಅಪ್ಪನೂ ಅವಳ ಎದುರು ತಲೆ ತಗ್ಗಿಸಿಯೇ ಕೂರುವುದು. ನೆಲದ ಒಲೆಯಿಂದ ತೆಗೆದ ಲೂ ಬಿಚ್ಚಿ ನನ್ನ ಮುಂದಿಟ್ಟಳು. ಕೆಸುವಿನೆಲೆ, ಮಾಂಸ, ತೆಂಗಿನಹಾಲಿನ ಘಮ. ನಾನು ಪಕ್ಕಕ್ಕೆ ಸರಿಸಿದೆ.

“ತಿನ್ನಲ್ವಾ? ಬಿಡು, ಹಂದಿಗೆ ಹಾಕ್ತೀನಿ. ಅದಾದ್ರೂ ನಂಗೆ ಮರ್ಯಾದೆ ಕೊಡತ್ತೆ.”

ಅತ್ತೆ ನನ್ನ ಮುಖವನ್ನು ದಿಟ್ಟಿಸಿ ನೋಡಿದಳು.

“ಐದು ದಿನದಿಂದ ನೋಡ್ತಿದೀನಿ ಕಣೇ. ತಿನ್ನಲ್ಲ, ವಾಕರಿಕೆ, ಮುಖ ಬಿಳಿಚಿಕೊಂಡಿದೆ. ಎಷ್ಟು ತಿಂಗಳು?”

“ಅಯ್ಯೋ ಅತ್ತೆ! ಅದಲ್ಲ!”

“ಮತ್ತೇನು?”

“ಆಫೀಸಲ್ಲಿ ಒಂದು ತಪ್ಪಾಗಿದೆ.”

“ಯಾರಿಂದ?”

“ಆಗಿದೆ ಅತ್ತೆ.”

“ತಾನಾಗೇ ಆಗೋಕೆ ಅದೇನು ಮಳೆಯಾ? ಯಾರಿಂದ ಅಂತ ಕೇಳ್ದೆ.”

“ನನ್ನಿಂದ.”

ಆಮೇಲೆ ಎಲ್ಲ ಹೇಳಿಬಿಟ್ಟೆ, ಅಳಿಸಿದ ಸಾಲೊಂದನ್ನು ಬಿಟ್ಟು. ಅತ್ತೆಗೆ ಕ್ಯಾಟಲಾಗು ಅರ್ಥವಾಗಲಿಲ್ಲ, ಸಿರಪ್ಪು ಅರ್ಥವಾಯಿತು. ಕೈ ಒರೆಸಿಕೊಂಡಳು.

“ಬಸುರಿ ಆಗಿದ್ರೇ ಚೆನ್ನಾಗಿತ್ತು,” ಅಂದಳು. ನಂತರ, “ಆ ನರ್ಸಿಗೆ ಹೇಳಿದೀಯಾ?”

“ಫೋನು ಸಿಗ್ತಿಲ್ಲ.”

“ರೇಡಿಯೋ?”

“ಭಾನುವಾರ ಅತ್ತೆ. ರೇಡಿಯೋ ಮನೆಗೆ ಬೀಗ. ಅವಳೂ ಹಚ್ಚಲ್ಲ.”

“ಶುಕ್ರವಾರ ಬೀಗ ಇರ್ಲಿಲ್ವಲ್ಲ.”

ಇಷ್ಟು ಹೇಳಿ ಎದ್ದು ಹೋದಳು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು.

ಮಾರ್ಚ್ 10, ಸೋಮವಾರ

ಎಂಟಕ್ಕೇ ಹೋಗಿ ಸೈಮೋನಣ್ಣನ ಮೇಜಿನ ಮುಂದೆ ನಿಂತೆ. ಹೇಳಿದೆ. ಸದಾ ತಮಾಷೆ ಮಾಡುವವನ ಮುಖದಿಂದ ನಗು ಹಾಗೇ ಇಳಿದುಹೋದದ್ದನ್ನು ನೋಡಿದೆ. ಎದ್ದು ಬಾಗಿಲು ಹಾಕಿ ಬಂದ.

“ಇನ್ನು ಯಾರಿಗೆ ಗೊತ್ತು?”

“ಅತ್ತೆಗೆ.”

“ನಿನ್ನ ಅತ್ತೆಗಾ? ಹಾಗಾದ್ರೆ ದೇವರಿಗೂ ಗೊತ್ತಾಗಿರತ್ತೆ.” ನಗಲು ನೋಡಿದ, ಆಗಲಿಲ್ಲ. “ಕೇಳು ಕಲೊ. ಡಾಕ್ಟರಮ್ಮ ವಾವಾಉ ದ್ವೀಪಕ್ಕೆ ಹೋಗಿದಾರೆ, ಬುಧವಾರ ಬರ್ತಾರೆ. ಅಲ್ಲೀತನಕ ಸುಮ್ನಿರು.”

“ರೇಡಿಯೋಲಿ ಹೇಳಿದ್ರೆ—”

“ರೇಡಿಯೋಲಿ ಹೇಳಿದ್ರೆ ನಲವತ್ತೊಂದು ಊರು ಕೇಳಿಸ್ಕೊಳ್ಳತ್ತೆ. ನಾಳೆಯಿಂದ ಒಬ್ಬ ನರ್ಸೂ ನಮ್ಮ ಫೋನು ನಂಬಲ್ಲ. ಹೆರಿಗೇಲಿ ರಕ್ತ ಹೋಗ್ತಿರೋವಾಗ ಫೋನ್ ನೋಡೋಕೂ ಹೆದರ್ತಾರೆ. ಅದರಿಂದ ಒಂದು ಜೀವ ಹೋದ್ರೆ? ಯೋಚ್ನೆ ಮಾಡು.”

ಅವನು ಹೇಳಿದ್ದು ಸುಳ್ಳಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು. ಸರಿ ಅಂದು ಹೊರಗೆ ಬಂದೆ. ನನ್ನ ಕುರ್ಚಿಯಲ್ಲಿ ಕೂತೆ. ಬೂದು ಚುಕ್ಕೆ ನೋಡಿದೆ. ಎದ್ದು ವಾವಾಉಗೆ ಫೋನ್ ಮಾಡಿದೆ. ನಮ್ಮ ಸಂಸ್ಥೆಯ ಮುಖ್ಯಸ್ಥೆ ಡಾಕ್ಟರ್ ಆಕೊಸಿತಾ ಅವರ ಜೊತೆ ನಾನು ಹಿಂದೆಂದೂ ಫೋನಿನಲ್ಲಿ ಮಾತಾಡಿದ್ದಿಲ್ಲ.

ಅವರು ಪೂರ್ತಿ ಕೇಳಿಸಿಕೊಂಡರು. “ಇವತ್ತೇ ರೇಡಿಯೋಲಿ ಪಿಸಿಲಾನ ಹಿಡಿ. ಸಿರಪ್ಪು ನಿಲ್ಲಿಸೋಕೆ ಹೇಳು. ಯಾರಾದ್ರೂ ವಾಂತಿ ಮಾಡ್ತಿದಾರಾ, ಮಂಕಾಗಿದಾರಾ ಕೇಳು. ನಾಳೆ ಮೊದಲ ವಿಮಾನಕ್ಕೆ ಬರ್ತೀನಿ. ಒಂದು ದೋಣಿ ಗೊತ್ತು ಮಾಡಿಡು.” ಆಮೇಲೆ, “ಯಾವತ್ತು ಗೊತ್ತಾಯ್ತು ನಿಂಗೆ?”

“ಮಂಗಳವಾರ.”

“ಹೋಗು ರೇಡಿಯೋಗೆ,” ಅಂದರು.

ಬೆಳಗಿನ ಹೊತ್ತಿಗೆ ಹೌತೂ ಸಿಗಲಿಲ್ಲ. ನಾಲ್ಕು ಗಂಟೆಗೆ ಸಿಕ್ಕಿತು. ಬಂದರಿನ ಪಕ್ಕದ ಆ ಸಣ್ಣ ಕೋಣೆ, ಉಪ್ಪು ಹಿಡಿದ ಕಿಟಕಿ. ಒಂದಾದ ಮೇಲೊಂದು ದ್ವೀಪದವರು ತಮ್ಮ ಹೆಸರು ಹೇಳುತ್ತಿದ್ದರು, ಹವಾಮಾನ ಹೇಳುತ್ತಿದ್ದರು, ಯಾರದೋ ಮದುವೆಗೆ ಹಂದಿ ಕಳಿಸಿ ಅನ್ನುತ್ತಿದ್ದರು. ನನ್ನ ಸರದಿ ಬಂದಾಗ ಗುಂಡಿ ಒತ್ತಿದೆ. ಬಿಟ್ಟು ಮತ್ತೆ ಒತ್ತಿದೆ.

“ಹೌತೂ ಪಿಸಿಲಕ್ಕ, ನಾನು ಆಫೀಸಿಂದ ಕಲೊಲೈನೆ. ಜ್ವರದ ಸಿರಪ್ಪಿನ ಪಟ್ಟಿ ತಪ್ಪು. ನಾನು ತಪ್ಪು ಹಾಕಿದೀನಿ. ಅದರಲ್ಲಿರೋದು ಎರಡು ಪಟ್ಟು ಅಳತೆ. ಸಿರಪ್ಪು ಕೊಡೋದು ನಿಲ್ಸಿ ಅಕ್ಕ. ಈಗಲೇ ನಿಲ್ಸಿ. ಓವರ್.”

ರೇಡಿಯೋ ಕರಕರ ಅಂದಿತು. ಎಲ್ಲ ದ್ವೀಪಗಳೂ ಸುಮ್ಮನಾಗಿದ್ದವು.

“ಯಾವತ್ತಿಂದ ತಪ್ಪು?” ಪಿಸಿಲಾಳ ದನಿ, ಬಾವಿಯೊಳಗಿಂದ ಬಂದಂತೆ.

“ಫೆಬ್ರವರಿ ಹದಿನಾಲ್ಕರಿಂದ. ಯಾವ್ದಾದ್ರೂ ಮಗು ವಾಂತಿ ಮಾಡ್ತಿದೆಯಾ ಅಕ್ಕ? ಓವರ್.”

ಉತ್ತರ ಬರಲಿಲ್ಲ. ಅವಳ ಬ್ಯಾಟರಿ ಹೋಯಿತೋ, ಅವಳೇ ಇಟ್ಟುಬಿಟ್ಟಳೋ. ಐದೂವರೆವರೆಗೆ ಕರೆಯುತ್ತಲೇ ಇದ್ದೆ.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಒಂಬತ್ತಕ್ಕೆ ಪಿಸಿಲಾ ತಾನಾಗಿ ರೇಡಿಯೋಗೆ ಬಂದಳು. ಜ್ವರ ಬಂದ ಮಕ್ಕಳು ಹನ್ನೊಂದು. ಹತ್ತು ಆಡಿಕೊಂಡಿವೆ. ಒಂದು ಹೆಣ್ಣುಮಗು, ಎರಡು ವರ್ಷ, ಹೆಯ್ಲಾಲಾ ಅಂತ. ಆರು ದಿನ ಸಿರಪ್ ಕುಡಿದಿದೆ. ನಿನ್ನೆಯಿಂದ ವಾಂತಿ. ಇವತ್ತು ಎಬ್ಬಿಸಿದರೆ ಕಣ್ಣು ಬಿಡುತ್ತದೆ, ಮತ್ತೆ ಮುಚ್ಚುತ್ತದೆ.

ಇಷ್ಟು ದಿನ ಮುಖವಿಲ್ಲದೆ ಹೆದರಿಸುತ್ತಿದ್ದುದಕ್ಕೆ ಈಗ ಒಂದು ಹೆಸರು ಬಂತು.

ಡಾಕ್ಟರಮ್ಮ ವಿಮಾನ ಇಳಿದು ನೇರ ಬಂದರಿಗೆ ಬಂದರು, ಡ್ರಿಪ್ಪಿನ ಪೆಟ್ಟಿಗೆ ಹಿಡಿದು. ಆ ವಿಷ ಇಳಿಸುವುದಕ್ಕೆ ಔಷಧ ಇದೆಯಂತೆ, ತಡವಾಗಬಾರದು ಅಷ್ಟೇ. ಮೀನಿನ ದೋಣಿ ಮೂರಕ್ಕೆ ಹೊರಡುತ್ತದೆ. ಹೌತೂವಿನ ಫೋನನ್ನು ಕೈಯಿಂದಲೇ ಬದಲಿಸಬೇಕಾದ್ದರಿಂದ ನಾನೂ ಬರುತ್ತೇನೆ ಅಂದೆ. ಸೈಮೋನಣ್ಣ, “ನೀನಾ? ನಿಂಗೆ ಬಂದರಲ್ಲಿ ನಿಂತ್ರೇ ತಲೆ ತಿರುಗತ್ತೆ,” ಅಂದ. ನಿಜ. ದೋಣಿ ಏರಿ ಎಂಟು ವರ್ಷವಾಗಿರಬೇಕು.

ದೋಣಿಯವರು ಕರೆಯುತ್ತಿದ್ದಾರೆ.

ಮಾರ್ಚ್ 12, ಬುಧವಾರ. ಹೌತೂ

ಬೆಳಕು ಹರಿಯುವಾಗ ಇಳಿದೆವು. ದಾರಿಯುದ್ದಕ್ಕೂ ವಾಂತಿ, ಅದರ ಬಗ್ಗೆ ಬರೆಯುವುದಿಲ್ಲ.

ಡಾಕ್ಟರಮ್ಮ ಓಡಿದರು. ಆರೋಗ್ಯ ಕೇಂದ್ರ ಅಂದರೆ ಎರಡು ಕೋಣೆ, ತಗಡಿನ ಮಾಡು. ಒಳಗೆ ಚಾಪೆಯ ಮೇಲೆ ಮಗು. ಅದರ ಅಜ್ಜಿ ಬೀಸಣಿಗೆಯಿಂದ ನೊಣ ಓಡಿಸುತ್ತಿದ್ದಳು. ಮಗುವಿನ ಕಣ್ಣಿನ ಬಿಳಿ ಹಳದಿಗೆ ತಿರುಗಿತ್ತು. ಸೂಜಿ ಚುಚ್ಚಿದಾಗ ಅದು ಅಳಲಿಲ್ಲ. ಅಳಲಿ ಎಂದು ನಾನು ಕಾಯುತ್ತಿದ್ದೆ. ಅಳಲಿಲ್ಲ.

ಪಿಸಿಲಾ ನನ್ನ ತೋಳು ಹಿಡಿದು ಪಕ್ಕದ ಕೋಣೆಗೆ ಎಳೆದಳು. ಐವತ್ತರ ಹೆಂಗಸು, ಗಟ್ಟಿ ಮೈಕಟ್ಟು. ಹೊಡೆಯುತ್ತಾಳೆ ಎಂದುಕೊಂಡೆ.

“ರೇಡಿಯೋಲಿ ಮಾತಾಡಿದವಳು ನೀನೇ ತಾನೆ?”

“ಹೌದಕ್ಕ.”

“ಇಲ್ನೋಡು.” ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಅಳತೆಗಳನ್ನು ಬರೆದಿತ್ತು. ವಯಸ್ಸು, ತೂಕ, ಎಷ್ಟು ಚಮಚ. “ಜನವರೀಲಿ ನಿನ್ನ ಪಟ್ಟಿ ನೋಡಿ ಸರಿಯಾಗೇ ಬರೆದಿಟ್ಟಿದ್ದೆ ನಾನು. ಆಮೇಲೆ ಹದಿನಾಲ್ಕನೇ ತಾರೀಖಿನ ಹೊಸ ಪಟ್ಟಿ ಅಂತ ಬಂತು. ಎರಡರಷ್ಟಿದೆಯಲ್ಲ ಅಂತ ಅನುಮಾನ ಬಂತು ಕಣೇ. ಬಂತು ನಂಗೆ! ಆದ್ರೂ ಪಟ್ಟಣದಲ್ಲಿ ಓದಿದವರು ಸುಮ್ನೆ ಹಾಕಿರ್ತಾರಾ ಅಂದ್ಕೊಂಡು, ನಾನು ಬರೆದಿದ್ದನ್ನ ನಾನೇ ಒರೆಸಿ, ನಿನ್ನ ಫೋನ್ ನೋಡಿ ಇದನ್ನ ಬರೆದೆ.”

ನಾನು ಕ್ಷಮಿಸಿ ಅಂದೆ. ಆ ಮಾತು ಆ ಕೋಣೆಯಲ್ಲಿ ಎಲ್ಲಿಯೂ ನಿಲ್ಲಲಿಲ್ಲ.

ಒದ್ದೆ ಬಟ್ಟೆ ತಂದು ಗೋಡೆ ಒರೆಸಿದೆ. ಸರಿಯಾದ ಅಳತೆಗಳನ್ನು ನಾನು ಓದಿದೆ, ಅವಳು ಬರೆದಳು. ಆಮೇಲೆ ಅವಳು ಓದಿದಳು, ನಾನು ಸೀಸೆ ಹಿಡಿದು ಒಂದೊಂದನ್ನೂ ಲೆಕ್ಕ ಹಾಕಿ ನೋಡಿದೆ. ಫೋನನ್ನೂ ಸರಿಮಾಡಿದೆ. ಅದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.

ಮಗುವನ್ನು ದೋಣಿಗೆ ಒಯ್ಯುತ್ತಿದ್ದಾರೆ.

ಮಾರ್ಚ್ 13, ಗುರುವಾರ

ಹೆಯ್ಲಾಲಾ ದೊಡ್ಡಾಸ್ಪತ್ರೆ ಸೇರಿದಳು. ಬದುಕಿದ್ದಾಳೆ.

ದೋಣಿಯಲ್ಲಿ ಡ್ರಿಪ್ಪಿನ ಸೀಸೆಯನ್ನು ಎತ್ತಿ ಹಿಡಿದು ನಿಲ್ಲಲು ಜನ ಬೇಕಿತ್ತು, ನಾನು ಹಿಡಿದುಕೊಂಡೆ. ಕೈ ಸತ್ತುಹೋದಂತಾದಾಗ ಇನ್ನೊಂದು ಕೈ. ಈಗ ಎರಡು ತೋಳೂ ಎತ್ತಲು ಬರುತ್ತಿಲ್ಲ, ಅಕ್ಷರ ಕೆಟ್ಟದಾಗಿದೆ. ಬಂದರು ಮುಟ್ಟಿದ ಮೇಲೆ ನೆನಪಾಯಿತು, ಬರುವಾಗ ವಾಂತಿಯೇ ಆಗಲಿಲ್ಲ.

ಅಜ್ಜಿ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ನಾನು ಯಾರೆಂದು ಅವಳಿಗೆ ಗೊತ್ತಿದೆ.

ಮಾರ್ಚ್ 15, ಶನಿವಾರ

ರಜೆಯಾದರೂ ಡಾಕ್ಟರಮ್ಮ ಕರೆದರು. ಅವರು, ಸೈಮೋನಣ್ಣ, ನಾನು. ಮಗು ಹಾಗೇ ಇದೆ, ಕೆಡುತ್ತಲೂ ಇಲ್ಲ, ಸುಧಾರಿಸುತ್ತಲೂ ಇಲ್ಲ. ಯಕೃತ್ತು ತಾನೇ ಚೇತರಿಸಿಕೊಳ್ಳಬೇಕಂತೆ. ಇನ್ನೆರಡು ದಿನ ಏನೂ ಹೇಳಲಾಗದಂತೆ.

ಸೈಮೋನಣ್ಣ ಕೆಲವು ಹಾಳೆಗಳನ್ನು ಮುಂದಿಟ್ಟ. “ಡಾಕ್ಟರಮ್ಮ, ನಾನು ದಾಖಲೆ ಪೂರ್ತಿ ನೋಡಿದೆ. ಹದಿನಾಲ್ಕನೇ ತಾರೀಖು ಕಲೊ ಏನೂ ಬದಲಿಸೇ ಇಲ್ಲ. ಆ ದಿನದ ಸಾಲೇ ಇಲ್ಲ. ಪಾಪ, ಹುಡುಗಿ ಹೆದರಿ ತನ್ನ ತಲೆ ಮೇಲೆ ಹಾಕ್ಕೊಂಡಿದಾಳೆ. ಕ್ಯಾಟಲಾಗಿನ ಯಂತ್ರ ಮಾರಿದ ಕಂಪನಿಯವರದ್ದೇ ಏನೋ ಎಡವಟ್ಟು ಇದು.”

ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿ ನಂಬಿದ್ದ, ನನಗಾಗಿ ಎರಡು ದಿನ ಕೂತು ಹುಡುಕಿದ್ದ. ನನ್ನ ಕಡೆ ನೋಡಿ ಕಣ್ಣಲ್ಲೇ ಧೈರ್ಯ ಹೇಳಿದ. ಮೇಜಿನ ಆಚೆ ಒಂದು ಬಾಗಿಲು ತೆರೆದಂತಿತ್ತು, ಎದ್ದು ನಡೆದುಹೋದರಾಯಿತು.

“ಆ ಸಾಲು ಇತ್ತು ಸೈಮೋನಣ್ಣ. ಐದನೇ ತಾರೀಖು ನಾನೇ ಅಳಿಸಿದೆ.”

ಅವನ ಮುಖ ನೋಡಲಾಗಲಿಲ್ಲ. ಹಾಳೆಗಳನ್ನು ನಿಧಾನವಾಗಿ ಜೋಡಿಸಿಕೊಂಡ. “ನಂಗಾದ್ರೂ ಹೇಳ್ಬಾರ್ದಿತ್ತಾ,” ಅಂದ, ಅಷ್ಟೇ.

ಡಾಕ್ಟರಮ್ಮ ಕ್ಯಾಟಲಾಗಿನ ಗುಪ್ತಪದ ಬರೆದುಕೊಡಲು ಹೇಳಿದರು. ಕೊಟ್ಟೆ. ಮುಂದೇನು ಎಂಬುದನ್ನು ಆಡಳಿತ ಮಂಡಳಿ ತೀರ್ಮಾನಿಸುತ್ತದೆ. ಅಲ್ಲಿಯವರೆಗೆ ಏನು ಮಾಡಲಿ ಎಂದು ಕೇಳಿದೆ. “ರೇಡಿಯೋಲಿ ಕೂರು. ದಿನಾ ಎರಡು ಹೊತ್ತು ಒಂದೊಂದು ದ್ವೀಪಾನೂ ಕರೆದು ಪಟ್ಟಿ ಓದಿಸು. ಅವರ ಫೋನಲ್ಲಿರೋದನ್ನ ಅವರೇ ಓದ್ಲಿ, ನೀನು ಕೇಳಿಸ್ಕೊ.”

ಮೊದಲು ಹಾಪೈ ಕಡೆಯ ಆ ನರ್ಸನ್ನು ಕರೆಯುತ್ತೇನೆ, ನಗುವ ಮುಖ ಹಾಕಿದ್ದವಳು. ಅವಳು ಕೇಳಿರದಿದ್ದರೆ ನಮಗ್ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

ಮಾರ್ಚ್ 17, ಸೋಮವಾರ

ಇವತ್ತಿನದನ್ನು ಹೇಗೆ ಬರೆಯುವುದೋ ತಿಳಿಯದು.

ಬೆಳಿಗ್ಗೆ ಎದ್ದಾಗ ಅತ್ತೆ ಅಂಗಳದಲ್ಲಿ ಈಫಿ ಮರದ ಎಲೆಗಳನ್ನು ಪೋಣಿಸುತ್ತಾ ಕೂತಿದ್ದಳು. ಪಕ್ಕದಲ್ಲಿ ಎರಡು ಹರಿದ ಚಾಪೆ. ತಪ್ಪೊಪ್ಪಿಕೊಂಡು ಕ್ಷಮೆ ಬೇಡಲು ಹೋಗುವವರು ಸೊಂಟಕ್ಕೆ ಸುತ್ತಿಕೊಳ್ಳುವಂಥವು.

“ಎರಡು ಯಾಕತ್ತೆ?”

“ನಿನ್ನೊಬ್ಬಳನ್ನೇ ಕಳಿಸ್ತೀನಿ ಅಂದ್ಕೊಂಡ್ಯಾ?”

“ನೀನು ಬರ್ಬಾರ್ದು. ತಪ್ಪು ನಂದು.”

“ಬಾಯ್ಮುಚ್ಚು. ಚಾಪೆ ಕಟ್ಕೊ.”

ಮಗುವಿನ ಅಜ್ಜಿ ಇಲ್ಲೇ ಪಟ್ಟಣದಲ್ಲಿ ತನ್ನ ತಮ್ಮನ ಮನೆಯಲ್ಲಿ ಇಳಿದುಕೊಂಡಿದ್ದಾಳೆ. ಬೆಳಗಿನ ಹೊತ್ತು ಆಸ್ಪತ್ರೆಯಿಂದ ಅಲ್ಲಿಗೆ ಬರುತ್ತಾಳೆ. ನಾವು ಹತ್ತಕ್ಕೆ ಹೋಗಿ ಅವರ ಅಂಗಳದ ಮಣ್ಣಿನಲ್ಲಿ ಕೂತು ತಲೆ ತಗ್ಗಿಸಿದೆವು. ಕೊರಳಲ್ಲಿ ಎಲೆಯ ಮಾಲೆ. ಯಾರನ್ನೂ ಕೂಗಬಾರದು, ಏನನ್ನೂ ಹೇಳಬಾರದು. ಅವರು ಹೊರಗೆ ಬಂದು ಮಾಲೆ ತೆಗೆದರೆ ಕ್ಷಮಿಸಿದಂತೆ. ಬರದಿದ್ದರೆ ಸಂಜೆಯವರೆಗೆ ಕೂತು ಎದ್ದು ಹೋಗಬೇಕು, ಮತ್ತೆ ನಾಳೆ ಬರಬೇಕು.

ಕಿಟಕಿಯ ಪರದೆ ಸರಿಯಿತು, ಮುಚ್ಚಿತು. ಒಳಗೆ ಗಂಡಸಿನ ಜೋರು ದನಿ. ರಸ್ತೆಯಲ್ಲಿ ಹೋಗುವ ಕಾರುಗಳು ನಿಧಾನವಾಗುತ್ತಿದ್ದವು. ಬಿಸಿಲು ಏರಿತು. ಯಾರ ಮುಂದೆಯೂ ಬಾಗದ ನನ್ನ ಅತ್ತೆಯ ಬಿಳಿಯ ಜಡೆ ಮಣ್ಣಿಗೆ ತಾಗುತ್ತಿತ್ತು. ಮಗುವಿಗೆ ಏನಾದರೂ ಆದ ಸುದ್ದಿ ಈಗ ಬಂದರೆ? ಆ ಗಂಡಸು ಹೊರಬಂದರೆ? ಎದ್ದು ಓಡಬೇಕೆನಿಸಲಿಲ್ಲ. ಅತ್ತೆಯ ಮೇಲೆ ನೆರಳು ಬೀಳುವಂತೆ ಸ್ವಲ್ಪ ಸರಿದು ಕೂತೆ.

ಹನ್ನೆರಡು ದಾಟಿದ ಮೇಲೆ ಬಾಗಿಲು ತೆರೆಯಿತು. ಅಜ್ಜಿಯ ಕಾಲುಗಳು ಮಾತ್ರ ಕಂಡವು. ನೇರ ಅತ್ತೆಯ ಹತ್ತಿರ ಹೋಗಿ ಮಾಲೆ ತೆಗೆದಳು.

“ನೀವು ಏಳಿ ಅಕ್ಕ. ನಿಮ್ಮನ್ನ ಹೀಗೆ ಕೂರಿಸ್ಕೊಂಡ್ರೆ ನಂಗೆ ಒಳ್ಳೇದಾಗಲ್ಲ.” ನನ್ನ ಕಡೆ ತಿರುಗಿ, “ನೀನಿರು.”

ನನ್ನ ಎದುರಿನ ಮಣ್ಣಿನಲ್ಲೇ ಕೂತುಬಿಟ್ಟಳು.

“ಅವಳಮ್ಮ ಆಸ್ಟ್ರೇಲಿಯಾದಲ್ಲಿ ಹಣ್ಣು ಕೀಳೋಕೆ ಹೋಗಿದಾಳೆ. ದಿನಾ ಫೋನು ಮಾಡಿ ಅಳ್ತಾಳೆ, ಯಾರು ಹೀಗೆ ಮಾಡಿದ್ದು ಅಂತ. ನಾನೇನು ಹೇಳ್ಲಿ? ಕುಡಿಸಿದ್ದು ನನ್ನ ಕೈ. ಬೇಡ ಅಂತ ತುಟಿ ಬಿಗಿ ಹಿಡೀತಿತ್ತು ಕೂಸು. ಮೂಗು ಹಿಡಿದು ಕುಡಿಸಿದೆ ನಾನು. ಆರು ದಿನ.”

ಆಗ ನಾನು ತಲೆ ಎತ್ತಿದೆ. ಎತ್ತಬಾರದಾಗಿತ್ತು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಎರಡು ವಾರದಿಂದ ಕನ್ನಡಿಯಲ್ಲಿ ನೋಡುತ್ತಿದ್ದೇನಲ್ಲ, ಅದೇ ಇತ್ತು.

“ನಿಮ್ಮ ಕೈಯಲ್ಲ ಅಜ್ಜಿ. ಅವಳಮ್ಮನಿಗೆ ನನ್ನ ಹೆಸರು ಹೇಳಿ. ನನ್ನ ನಂಬರು ಕೊಡಿ. ನಾನೇ ಹೇಳ್ತೀನಿ.”

ಅಜ್ಜಿ ನನ್ನ ಕೊರಳ ಮಾಲೆ ಎಳೆದು ತೆಗೆದಳು. ಎಲೆಗಳು ಬಿಸಿಲಿಗೆ ಮುದುಡಿದ್ದವು.

“ಇವತ್ತು ಬೆಳಿಗ್ಗೆ ನೀರು ಕೇಳಿದ್ಲು,” ಅಂದಳು. “ಬಾಯಿಬಿಟ್ಟು ಕೇಳಿದ್ಲು.”

ನಾನು ಅಲ್ಲೇ ಮಣ್ಣಿನ ಮೇಲೆ ಹಣೆಯಿಟ್ಟು ಅತ್ತುಬಿಟ್ಟೆ.

ಮಾರ್ಚ್ 18, ಮಂಗಳವಾರ

ಆಸ್ಟ್ರೇಲಿಯಾದಿಂದ ಫೋನು ಬಂತು. ಇಪ್ಪತ್ತು ನಿಮಿಷ. ಅವಳು ಬೈದದ್ದನ್ನೆಲ್ಲ ಕೇಳಿಸಿಕೊಂಡೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಅವಳು ನನ್ನನ್ನು ಕ್ಷಮಿಸಿಲ್ಲ. ನಾಳೆ ಮತ್ತೆ ಮಾಡುತ್ತಾಳಂತೆ, ಮಗು ಏನು ತಿಂದಳು ಎಂದು ನಾನೇ ಹೋಗಿ ನೋಡಿ ಹೇಳಬೇಕಂತೆ.

ರೇಡಿಯೋದಲ್ಲಿ ಹನ್ನೆರಡು ದ್ವೀಪ ಮುಗಿದವು. ಒಂದು ಕಡೆ ಬೇರೆ ಔಷಧದ ಪುಟ ಹರಿದಂತೆ ಅರ್ಧವೇ ಕಾಣುತ್ತಿದೆ, ಸೈಮೋನಣ್ಣನಿಗೆ ಹೇಳಿದೆ. ಮುಖ ನೋಡದೆ ಬರೆದುಕೊಂಡ. ಐದು ನಿಮಿಷ ಬಿಟ್ಟು ಬಂದು, “ಸರಿ ಮಾಡಿದೀನಿ, ನೀನೂ ಒಂದ್ಸಲ ನೋಡು,” ಅಂದ.

ಮಾರ್ಚ್ 20, ಗುರುವಾರ

ಕಣ್ಣಿನ ಹಳದಿ ಇಳಿಯುತ್ತಿದೆ. ಇನ್ನು ಭಯವಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಅದನ್ನು ನಾಲ್ಕು ಸಲ ಹೇಳಿಸಿದೆ.

ಮಧ್ಯಾಹ್ನ ಆಸ್ಪತ್ರೆಗೆ ಹೋ‌ದಾಗ ಅಜ್ಜಿ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ನನ್ನನ್ನು ಕಂಡು ಮಗುವನ್ನು ಎತ್ತಿ ನನ್ನ ಮಡಿಲಲ್ಲಿಟ್ಟಳು, ಕೇಳದೆಯೇ. ಹಕ್ಕಿಯಷ್ಟು ಹಗುರ. ಪಕ್ಕದಲ್ಲಿ ಉಪ್ಪುಸಕ್ಕರೆ ನೀರಿನ ಬಟ್ಟಲು.

“ಎರಡು ಚಮಚ ಕುಡಿಸು. ನಾನು ಒಂದು ಗಳಿಗೆ ಕಣ್ಣು ಮುಚ್ತೀನಿ.”

“ನಾನಾ ಅಜ್ಜಿ?”

ಅವಳು ಆಗಲೇ ಕಣ್ಣು ಮುಚ್ಚಿದ್ದಳು.

ಚಮಚ ತುಂಬಿದೆ. ಹೆಯ್ಲಾಲಾ ನನ್ನನ್ನೇ ನೋಡುತ್ತಿದ್ದಳು. ನಾನು ಬಾಗಿಲ ಕಡೆ ತಿರುಗಿ ನರ್ಸನ್ನು ಕರೆದೆ. “ಎರಡು ಚಮಚ ಅಂದ್ರು. ಎರಡೇ ತಾನೆ? ಈ ಚಮಚನೇ ತಾನೆ?”

“ಬರೀ ನೀರು ಕಣಮ್ಮ ಅದು!”

“ಆದ್ರೂ ಒಂದ್ಸಲ ನೋಡಿ.”

ಅವಳು ಬಂದು ಬಟ್ಟಲು ನೋಡಿ, ಚಮಚ ನೋಡಿ, ನನ್ನ ಮುಖ ನೋಡಿ, ಹ್ಞೂಂ ಅಂದು ಹೋದಳು. ಒಂದು ಕುಡಿಸಿದೆ. ನುಂಗಿದಳು. ಇನ್ನೊಂದು ಕುಡಿಸಿದೆ. ಅದನ್ನೂ ನುಂಗಿ, ನಾಲಿಗೆಯಿಂದ ತುಟಿ ಸವರಿಕೊಂಡು, ಮೂರನೆಯದಕ್ಕೆ ಬಾಯಿ ತೆರೆದಳು.

ನಾನು ಮತ್ತೆ ನರ್ಸನ್ನು ಕರೆದೆ.